ಗೋಸುಂಬೆ ಸಾಕುವುದು, ಮರಿ ಮಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿ ಬೆಳೆದದ್ದು ಹಿರಿಯೂರಿನ ಬಳಿ, ಜಾಲಿ ಬೇಲಿಗಳ ನಡುವೆ. ಈಗ ಹನ್ನೊಂದು ವರ್ಷಗಳಿಂದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಮನೆಯಲ್ಲಿ ಒಂದಾದರೂ ಗೋಸುಂಬೆ ಇದ್ದೇ ಇದೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು ಕೇಳುವುದೂ, ಊರಿನಿಂದ ಸೋದರಳಿಯಂದಿರು ಫೋನ್ ಮಾಡಿ ಕೇಳುವುದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ಕರ್ನಾಟಕದಲ್ಲಿದ್ದೇನೆ. ತೋಟದಲ್ಲಿ ಸಿಕ್ಕ ಗೋಸುಂಬೆಯನ್ನು ಸಾಕಿಕೊಳ್ಳಬಹುದೇ?

ಬೇಡ. ಭಾರತದಲ್ಲಿರುವುದು ಒಂದೇ ಜಾತಿಯ ಗೋಸುಂಬೆ, ಕಮೀಲಿಯೊ ಜೆಯ್ಲಾನಿಕಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಮೂರೂ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ. ರಸ್ತೆಯ ನಡುವೆ ಓಲಾಡುತ್ತ ನಿಂತದ್ದು ಕಂಡರೆ ಒಂದು ಕೋಲನ್ನು ಅದರ ಎದುರಿಗೆ ಹಿಡಿಯಿರಿ, ತಾನೇ ಹತ್ತಿಕೊಳ್ಳುತ್ತದೆ. ಯಾವ ಕಡೆ ಹೊರಟಿತ್ತೋ ಆ ಕಡೆಯ ಬೇಲಿಗೆ ಬಿಟ್ಟು ಬನ್ನಿ.

ಬೆಂಗಳೂರಿನ ಅಂಗಡಿಯಲ್ಲಿ ವಿದೇಶಿ ಗೋಸುಂಬೆ ಮಾರುತ್ತಾರಲ್ಲ?

ಗೋಸುಂಬೆಗಳ ಬಹುತೇಕ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. 2022ರ ತಿದ್ದುಪಡಿಯಲ್ಲಿ ಆ ಒಪ್ಪಂದವನ್ನು ಭಾರತದ ವನ್ಯಜೀವಿ ಕಾಯ್ದೆಯೊಳಗೇ ತಂದಿದ್ದಾರೆ. ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ಆಮದಿನ ಪರವಾನಗಿಯನ್ನು ಕೇಳಿ ನೋಡಿ. ‘ಎಲ್ಲ ಸರಿಯಿದೆ ಸಾರ್’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಮುಂದಿನ ಉತ್ತರಗಳೆಲ್ಲ ಕಾನೂನಿನ ಅಡ್ಡಿಯಿಲ್ಲದ ಕಡೆ ಇರುವವರಿಗೆ, ಸಾಕಣೆಯಲ್ಲೇ ಹುಟ್ಟಿದ ಪ್ರಾಣಿಯನ್ನು ಕೊಳ್ಳುವವರಿಗೆ.

ಗೋಸುಂಬೆ, ಊಸರವಳ್ಳಿ, ಓತಿಕೇತ ಎಲ್ಲ ಒಂದೇ ಅಲ್ಲವೇ?

ಮೊದಲ ಎರಡು ಒಂದೇ, ಮೂರನೆಯದು ಬೇರೆ. ಬೇಲಿಗೂಟದ ಮೇಲೆ ಕುಳಿತು ತಲೆ ಕುಣಿಸುವುದು, ಬೆದೆಗೆ ಬಂದಾಗ ಕತ್ತು ಕೆಂಪಾಗುವುದು, ಕಲ್ಲೆಸೆದರೆ ಸರ್ರನೆ ಓಡುವುದು ಓತಿಕೇತ. ಗಾದೆಯಲ್ಲಿ ಬೇಲಿಯ ಸಾಕ್ಷಿ ಬೇಕಾದದ್ದೂ ಅದಕ್ಕೇ. ಗೋಸುಂಬೆಗೆ ಓಟ ಬರುವುದಿಲ್ಲ. ಬೆರಳುಗಳು ಎರಡು ಮತ್ತು ಮೂರರ ಕಟ್ಟಾಗಿ ಕೂಡಿಕೊಂಡು ಇಕ್ಕಳದಂತಿರುತ್ತವೆ, ಬಾಲ ಸುರುಳಿ ಸುತ್ತುತ್ತದೆ, ಎರಡು ಕಣ್ಣುಗಳು ಎರಡು ದಿಕ್ಕಿಗೆ ತಿರುಗುತ್ತವೆ. ಹಲವು ಊರುಗಳಲ್ಲಿ ಓತಿಕೇತವನ್ನೇ ಗೋಸುಂಬೆ ಎನ್ನುವುದರಿಂದ ಈ ಗೊಂದಲ.

ಮೊದಲ ಸಲ ಸಾಕುವವರಿಗೆ ಯಾವ ಜಾತಿ?

ಯೆಮೆನ್ ಗೋಸುಂಬೆ. ಇಲ್ಲಿ ವೇಲ್ಡ್ ಎಂದು ಕರೆಯುತ್ತಾರೆ. ತವರು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಮೂಲೆ. ತಲೆಯ ಮೇಲೆ ಮೀನಿನ ಈಜುರೆಕ್ಕೆಯಂಥ ಎತ್ತರದ ಕಿರೀಟ. ಗಂಡು ಬಾಲ ಸೇರಿ ಒಂದೂವರೆ ಅಡಿ ದಾಟುತ್ತದೆ, ಹೆಣ್ಣು ಒಂದಡಿ. ಗಟ್ಟಿ ಜೀವ, ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಸ್ವಭಾವ ಮಾತ್ರ ಸಿಡುಕು. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆ ಬಣ್ಣದಲ್ಲಿ ಅದಕ್ಕಿಂತ ಮೇಲು. ಅಂಬಿಲೋಬೆಯದು ಕೆಂಪು ನೀಲಿ ಪಟ್ಟೆ, ನೋಸಿ ಬೇ ದ್ವೀಪದ್ದು ನೀಲಿ ಹಸಿರು, ಹೀಗೆ ಊರಿಗೊಂದು ಬಣ್ಣ, ಬಣ್ಣಕ್ಕೊಂದು ಬೆಲೆ. ಪೂರ್ವ ಆಫ್ರಿಕಾದ ಮೂರು ಕೊಂಬಿನ ಜ್ಯಾಕ್ಸನ್ ಗೋಸುಂಬೆಗೆ ತಂಪು ಬೇಕು. ಸೆಕೆಯ ಊರಿನವರಿಗೆ ಅದು ಆಗಿಬರುವುದಿಲ್ಲ.

ಮಕ್ಕಳು ಎತ್ತಿಕೊಂಡು ಆಡಿಸಬಹುದೇ?

ಆಡಿಸುವ ಪ್ರಾಣಿ ಬೇಕಿದ್ದರೆ ಬೆಕ್ಕು ಸಾಕಿ. ಗೋಸುಂಬೆ ಅಕ್ವೇರಿಯಂನ ಮೀನಿದ್ದಂತೆ, ಕಣ್ಣಿಗಷ್ಟೇ ಒಗ್ಗುವಂಥದ್ದು. ಮೇಲಿನಿಂದ ಬರುವ ಕೈ ಅದರ ಲೆಕ್ಕದಲ್ಲಿ ಹದ್ದು. ‘ನಮ್ಮದು ಕೈಯಲ್ಲಿ ಸುಮ್ಮನೆ ಕೂರುತ್ತದೆ’ ಎನ್ನುವವರಿದ್ದಾರೆ. ಕೆಲವು ನಿಜಕ್ಕೂ ಪಳಗುತ್ತವೆ, ಹಲವು ಹೆದರಿ ಮರಗಟ್ಟಿರುತ್ತವೆ. ಆಸ್ಪತ್ರೆಗೆ ಒಯ್ಯಬೇಕಾದಾಗ ಹೆಣಗಾಡಬಾರದು ಎನ್ನುವಷ್ಟು ಅಭ್ಯಾಸ ಸಾಕು: ಅಂಗೈಯಲ್ಲಿ ಹುಳು ಹಿಡಿದು, ಅದು ತಾನಾಗಿ ಬರುವವರೆಗೆ ಕಾಯುವುದು.

ಪಂಜರ ಹೇಗಿರಬೇಕು?

ದೊಡ್ಡದಕ್ಕೆ ಕನಿಷ್ಠ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಸುತ್ತ ಜಾಲರಿ ಇದ್ದರೆ ಗಾಳಿಯಾಡುತ್ತದೆ. ಮನೆಯ ಗಾಳಿ ತೀರಾ ಒಣಗಿದ್ದರೆ ಮೂರು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬಹುದು. ಮೇಜಿನ ಮೇಲಿಡಿ. ನಮ್ಮ ಕಣ್ಣಿಗಿಂತ ಎತ್ತರದಲ್ಲಿ ಕುಳಿತಾಗಲೇ ಅದಕ್ಕೆ ನೆಮ್ಮದಿ. ಒಳಗೆ ಅಡ್ಡಡ್ಡ ಕೊಂಬೆಗಳು, ಮೈ ಮರೆಸುವಷ್ಟು ಎಲೆ. ಗಿಡ ನಿಜವಾದದ್ದೇ ಇರಲಿ, ಏಕೆಂದರೆ ಯೆಮೆನ್ ಗೋಸುಂಬೆ ಎಲೆ ಮೇಯುತ್ತದೆ. ಮನಿ ಪ್ಲಾಂಟ್ ಮತ್ತು ದಾಸವಾಳ ಸಾಲದೆಂದರೆ ಷೆಫ್ಲೆರಾ ಸೇರಿಸಿ. ಕಣಗಿಲೆ ವಿಷ, ಅದರ ಕೊಂಬೆಯನ್ನೂ ಒಳಗೆ ತರಬೇಡಿ.

ಕಿಟಕಿಯ ಬಿಸಿಲು ಸಾಲದೇ? ದೀಪ ಏಕೆ?

ಅತಿ ಹೆಚ್ಚು ಗೋಸುಂಬೆಗಳು ಊನವಾಗುವುದು ಈ ಒಂದು ಅಂದಾಜಿನಿಂದ. ಮೂಳೆಗೆ ಕ್ಯಾಲ್ಸಿಯಂ ಹತ್ತಲು ಡಿ3 ಜೀವಸತ್ವ ಬೇಕು. ಅದು ಚರ್ಮದಲ್ಲಿ ತಯಾರಾಗಲು ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟು ಯುವಿಬಿಯನ್ನು ಹೊರಗೇ ತಡೆಯುತ್ತದೆ. ಹಾಗಾಗಿ ಗಾಜಿನ ಹಿಂದೆ ಬಿಸಿಲು ಕಾಯಿಸಿಕೊಂಡು ಕುಳಿತ ಪ್ರಾಣಿಗೆ ಬಿಸಿ ಸಿಗುತ್ತದೆ, ಮೂಳೆ ಸಿಗುವುದಿಲ್ಲ.

ಉದ್ದನೆಯ ಟಿ5 ಯುವಿಬಿ ಟ್ಯೂಬ್ ತನ್ನಿ, ಸುರುಳಿ ಬಲ್ಬ್ ಬೇಡ. ಪಂಜರದ ಮೇಲಿಟ್ಟು, ಎತ್ತರದ ಕೊಂಬೆಯಲ್ಲಿ ಅದರ ಬೆನ್ನಿನ ಮಟ್ಟಕ್ಕೆ ಯುವಿ ಸೂಚ್ಯಂಕ 3ರ ಸುಮಾರಿಗೆ ಬರುವಂತೆ ಅಂತರ ಹೊಂದಿಸಿ. ಮೇಲಿನ ಜಾಲರಿಯೇ ಒಂದಷ್ಟು ಕಿರಣ ನುಂಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. ಬೆಳಕು ಕೊಡುತ್ತಲೇ ಇರುತ್ತದೆ, ಯುವಿಬಿ ಮಾತ್ರ ಸದ್ದಿಲ್ಲದೆ ಇಳಿದಿರುತ್ತದೆ.

ಇದರ ಜೊತೆಗೆ ಶಾಖಕ್ಕೆ ಒಂದು ಸಾಧಾರಣ ಬಲ್ಬ್. ಯೆಮೆನ್ ಗಂಡಿಗೆ ಬಿಸಿಲು ಕಾಯುವ ಜಾಗದಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಹೆಣ್ಣಿಗೆ 27 ಸಾಕು. ಕಿರೀಟ ಬಲ್ಬಿಗೆ ತಾಗುವಷ್ಟು ಹತ್ತಿರ ಕೊಂಬೆ ಕಟ್ಟಬೇಡಿ, ಚರ್ಮ ಸುಟ್ಟರೂ ಅದು ಅಲ್ಲಿಂದ ಏಳುವುದಿಲ್ಲ. ಹಗಲಿಗೆ ಹನ್ನೆರಡು ಗಂಟೆ ದೀಪ. ರಾತ್ರಿ ಕಗ್ಗತ್ತಲು, 18 ಡಿಗ್ರಿಯವರೆಗೆ ತಂಪು. ರಾತ್ರಿಗೆಂದು ಮಾರುವ ಕೆಂಪು ಬಲ್ಬ್ ಅದರ ನಿದ್ದೆ ಕೆಡಿಸುತ್ತದೆ.

ಬಟ್ಟಲಲ್ಲಿ ನೀರಿಟ್ಟಿದ್ದೇನೆ, ಮುಟ್ಟುವುದೇ ಇಲ್ಲ. ಏಕೆ?

ನಿಂತ ನೀರನ್ನು ಅದು ನೀರು ಎಂದೇ ಗುರುತಿಸುವುದು ಅಪರೂಪ. ಅದಕ್ಕೆ ನೀರೆಂದರೆ ಎಲೆಯ ತುದಿಯಲ್ಲಿ ಅಲುಗುವ ಹನಿ. ನಮ್ಮ ಗಂಡಿನ ಹೆಸರು ರಾಯ. ಬೆಳಗ್ಗೆ ದೀಪ ಹತ್ತುವ ಮೊದಲು ಎರಡು ನಿಮಿಷ ಸಣ್ಣ ತುಂತುರು ಬಿಡುತ್ತೇನೆ. ಮೊದಲ ಹನಿಗಳು ಮೂಗಿಗೆ ಬಿದ್ದಾಗ ಕಣ್ಣು ಒಳಕ್ಕೆಳೆದು ಸಿಟ್ಟಾಗುತ್ತಾನೆ. ಆಮೇಲೆ ದಾಸವಾಳದ ಎಲೆಗೆ ಮೂತಿ ತಾಗಿಸಿ, ದವಡೆಯನ್ನು ಮುದುಕರು ಎಲೆಯಡಿಕೆ ಜಗಿದಂತೆ ಮೆಲ್ಲಗೆ ಆಡಿಸುತ್ತಾನೆ. ಒಂದು ಗುಟುಕು, ತಲೆ ಎತ್ತಿ ಒಂದು ಯೋಚನೆ, ಮತ್ತೊಂದು ಗುಟುಕು. ಅವಸರವಿದ್ದ ದಿನ ಇದನ್ನು ನೋಡುತ್ತ ನಿಲ್ಲಬಾರದು.

ದೀಪ ಆರಿದ ಮೇಲೆ ಇನ್ನೊಮ್ಮೆ ತುಂತುರು, ಹಗಲಲ್ಲಿ ಒಂದು ಗಂಟೆ ಹನಿ ಬೀಳುವ ವ್ಯವಸ್ಥೆ. ಹಗಲು ಎಲೆಗಳು ಪೂರ್ತಿ ಒಣಗಲಿ, 40ರಿಂದ 50 ಶೇಕಡಾ ತೇವಾಂಶ ಸಾಕು. ಯೆಮೆನ್‌ನ ಎತ್ತರದ ಕಣಿವೆಗಳಲ್ಲಿ ರಾತ್ರಿ ಮಂಜು ಕವಿಯುತ್ತದೆ, ಉಸಿರಿನಲ್ಲೇ ಒಂದಷ್ಟು ನೀರು ಮೈಗೆ ಸೇರುತ್ತದೆ ಎನ್ನುವವರಿದ್ದಾರೆ. ಮನೆಯಲ್ಲೂ ತಂಪಾದ ರಾತ್ರಿಯಲ್ಲಿ ತೇವಾಂಶವನ್ನು 80ರ ಮೇಲೆ ಏರಿಸಬಹುದು. ಸೆಕೆ ಮತ್ತು ತೇವ ಎರಡೂ ಒಟ್ಟಿಗಿದ್ದರೆ ಶ್ವಾಸಕೋಶಕ್ಕೆ ಸೋಂಕು ಹಿಡಿಯುತ್ತದೆ.

ನೀರು ಸಾಕಾಗಿದೆಯೇ ಎಂದು ತಿಳಿಯಲು ಹಿಕ್ಕೆ ನೋಡಿ. ಅದರ ತುದಿಯ ಗಟ್ಟಿ ಭಾಗ ಬೆಳ್ಳಗಿದ್ದರೆ ಸರಿ. ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಬಾಯಾರಿದೆ ಎಂದರ್ಥ.

ಏನು ತಿನ್ನಿಸಬೇಕು?

ಜೀವಂತ ಹುಳು. ಇಲ್ಲಿ ಕ್ರಿಕೆಟ್ ಎಂದು ಮಾರುವ ಚಿಮ್ಮಂಡೆ ಮತ್ತು ದುಬಿಯಾ ಜಿರಳೆ ನಿತ್ಯದ ಊಟ. ಕಪ್ಪು ಸೈನಿಕ ನೊಣದ ಮರಿಹುಳುವಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ರಾಮನಗರದ ಮಾರುಕಟ್ಟೆಗೆ ಗೂಡು ಕಟ್ಟಿಕೊಡುವ ರೇಷ್ಮೆ ಹುಳು ಇಲ್ಲಿ ಡಬ್ಬಿಯಲ್ಲಿ ಬರುತ್ತದೆ, ರಾಯನಿಗೆ ಅದು ಹಬ್ಬದೂಟ. ಹುಳುವಿಗೆ ಹಿಂದಿನ ದಿನವೇ ಸೊಪ್ಪು, ಗಜ್ಜರಿ ತಿನ್ನಿಸಿರಬೇಕು. ಹಸಿದ ಹುಳು ಬರೀ ಸಿಪ್ಪೆ. ಪ್ರತಿ ಊಟಕ್ಕೂ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ತೆಳ್ಳಗೆ ಹೊರಳಿಸಿ, ಡಿ3 ಮತ್ತು ಎ ಜೀವಸತ್ವ ಇರುವ ಪುಡಿ ತಿಂಗಳಿಗೆ ಎರಡೇ ಸಲ. ಬೆಳೆದ ಪ್ರಾಣಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳು ಸಾಕು, ಮರಿಗೆ ದಿನಾ ಬೇಕು. ಉಳಿದ ಚಿಮ್ಮಂಡೆಗಳನ್ನು ರಾತ್ರಿ ಪಂಜರದಲ್ಲಿ ಬಿಡಬೇಡಿ, ಮಲಗಿದ ಗೋಸುಂಬೆಯನ್ನು ಕಚ್ಚುತ್ತವೆ.

ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಹುಳು ಇಲ್ಲದೆ ಸಾಕಬಹುದೇ?

ಸಾಧ್ಯವಿಲ್ಲ. ನಿಮ್ಮ ವ್ರತವನ್ನು ಅದರ ಮೇಲೆ ಹೇರಿದರೆ ಸಾಯುತ್ತದೆ. ಫ್ರಿಜ್ಜಿನ ಪಕ್ಕದಲ್ಲಿ ಜಿರಳೆ ಡಬ್ಬಿ ಇಟ್ಟುಕೊಳ್ಳಲು ಮನೆಯವರು ಒಪ್ಪದಿದ್ದರೆ ಈ ಸಾಕಣೆಗೆ ಕೈ ಹಾಕಬೇಡಿ. ನನ್ನ ತಾಯಿ ಆರು ತಿಂಗಳಿಗೆಂದು ಬಂದಾಗ ಮೊದಲ ವಾರ ಆ ಕೋಣೆಗೇ ಕಾಲಿಡಲಿಲ್ಲ. ಒಂದು ಬೆಳಗ್ಗೆ ಪೂಜೆಗೆ ಕಿತ್ತ ದಾಸವಾಳ ಹೂಗಳಲ್ಲಿ ಒಂದನ್ನು ಜಾಲರಿಯ ಬಾಗಿಲಲ್ಲಿ ಹಿಡಿದರು. ರಾಯ ಬಂದವನೇ ಎಸಳಿಗೆ ಬಾಯಿ ಹಾಕಿ ಕಿತ್ತು ತಿಂದ. ಅಂದಿನಿಂದ ದೇವರಿಗೆ ಐದು, ಇವನಿಗೆ ಒಂದು. ಜಿರಳೆ ಹಾಕುವ ಹೊತ್ತಿಗೆ ಮಾತ್ರ ತಾಯಿ ಅಡುಗೆಮನೆಗೆ ಹೋಗುತ್ತಿದ್ದರು.

ಹಸಿರು ಬಟ್ಟೆ ಹಾಸಿದರೆ ಹಸಿರಾಗುತ್ತದೆಯೇ?

ಇಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳು ಸಾಲಾಗಿ ಜೋಡಿಸಿಕೊಂಡಿವೆ. ಹರಳುಗಳ ನಡುವಿನ ಅಂತರ ಬದಲಾದಾಗ ಪ್ರತಿಫಲಿಸುವ ಬಣ್ಣವೂ ಬದಲಾಗುತ್ತದೆ. ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯಲ್ಲಿ ಇದನ್ನು 2015ರಲ್ಲಿ ತೋರಿಸಿಕೊಟ್ಟರು. ಬದಲಾವಣೆಗೆ ಕಾರಣ ಶಾಖ, ಭಯ, ಸಿಟ್ಟು, ಬೆದೆ. ಚಳಿಯಾದ ಬೆಳಗ್ಗೆ ರಾಯ ಬಿಸಿಲಿಗೆ ತಿರುಗಿದ ಪಕ್ಕೆಯನ್ನಷ್ಟೇ ಕಪ್ಪು ಮಾಡಿಕೊಳ್ಳುತ್ತಾನೆ, ಇನ್ನೊಂದು ಪಕ್ಕೆ ಹಸಿರಾಗಿಯೇ ಇರುತ್ತದೆ. ಮನಸ್ಸಿನಲ್ಲಿದ್ದುದನ್ನು ಮೈಮೇಲೆ ಬರೆದುಕೊಂಡು ತಿರುಗುವ ಈ ಪಾಪದ ಪ್ರಾಣಿಯ ಹೆಸರಿನಲ್ಲಿ ನಾವು ಮೋಸಗಾರರನ್ನು ಬೈಯುತ್ತೇವೆ!

ಒಂಟಿಯಾಗಿ ಬೇಸರವಾಗುವುದಿಲ್ಲವೇ? ಜೊತೆಗೆ ಇನ್ನೊಂದನ್ನು ತರಲೇ?

ಒಂದು ಪಂಜರಕ್ಕೆ ಒಂದೇ. ಗಂಡುಗಳು ಕಾದಾಡುತ್ತವೆ. ಗಂಡುಹೆಣ್ಣು ಜೊತೆಗಿದ್ದರೆ ಹೆಣ್ಣು ಕೊರಗುತ್ತದೆ. ಕನ್ನಡಿಯೂ ಬೇಡ.

ಕಾಯಿಲೆ ಎಂದು ಹೇಗೆ ತಿಳಿಯುವುದು?

ಹಗಲಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಅದೊಂದೇ ಸಾಕು, ವೈದ್ಯರಿಗೆ ಫೋನ್ ಮಾಡಿ. ಕಾಲು ಬಿಲ್ಲಿನಂತೆ ಬಾಗುವುದು, ದವಡೆ ರಬ್ಬರಿನಂತಾಗುವುದು, ಕೊಂಬೆಯ ಬದಲು ತನ್ನದೇ ಕಾಲನ್ನು ಹಿಡಿದುಕೊಳ್ಳುವುದು ಮೂಳೆ ರೋಗದ ಗುರುತು. ಮೂತಿ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಟಿಕ್ ಟಿಕ್ ಸದ್ದು, ಬಾಯಲ್ಲಿ ನೊರೆ ಕಂಡರೆ ಶ್ವಾಸಕೋಶದ ಸೋಂಕು. ನಾಲಗೆ ಗುರಿ ತಪ್ಪತೊಡಗಿದರೂ ಕಡೆಗಣಿಸಬೇಡಿ. ಗೋಸುಂಬೆ ಕೊನೆಯವರೆಗೂ ಗಟ್ಟಿಯಾಗಿರುವಂತೆ ನಟಿಸುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಸರೀಸೃಪ ಬಲ್ಲ ಪಶುವೈದ್ಯರು ಎಲ್ಲಿದ್ದಾರೆ ಎಂದು ಪ್ರಾಣಿ ತರುವ ಮೊದಲೇ ಹುಡುಕಿಡಿ. ನಾಯಿ, ಬೆಕ್ಕಿನ ವೈದ್ಯರೊಬ್ಬರು ನನ್ನ ಮೊದಲ ಗೋಸುಂಬೆಯನ್ನು ನೋಡಿ, ‘ಇದು ಇಷ್ಟು ನಿಧಾನ ಏಕೆ?’ ಎಂದು ನನ್ನನ್ನೇ ಕೇಳಿದ್ದರು.

ಹೆಣ್ಣೊಂದೇ ಇದೆ. ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆಯೇ?

ಇಡುತ್ತದೆ, ಕೋಳಿಯ ಹಾಗೆ. ಮರಿಯಾಗದ ಮೊಟ್ಟೆಗಳು. ಹೆಣ್ಣನ್ನು ಸಾಕುವವರೆಲ್ಲ, ಮರಿಯ ಆಸೆಯಿಲ್ಲದಿದ್ದರೂ, ಆರು ತಿಂಗಳಾಗುತ್ತಿದ್ದಂತೆ ಮಣ್ಣಿನ ತೊಟ್ಟಿ ಸಿದ್ಧವಾಗಿಟ್ಟಿರಬೇಕು. ಅಗೆಯಲು ಜಾಗವಿಲ್ಲದೆ ಮೊಟ್ಟೆ ಒಳಗೇ ಉಳಿದರೆ ಸಾಯುತ್ತದೆ. ತಿನ್ನಿಸಿದಷ್ಟೂ, ಬಿಸಿ ಕೊಟ್ಟಷ್ಟೂ ಮೊಟ್ಟೆಯ ಸಂಖ್ಯೆ ಏರುತ್ತದೆ. ಹೆಣ್ಣಿಗೆ ಊಟ ಮಿತವಾಗಿರಲಿ, 27 ಡಿಗ್ರಿ ಸಾಕು ಎಂದದ್ದೂ ಅದಕ್ಕೇ.

ಜೋಡಿ ಮಾಡಿಸುವುದು ಯಾವಾಗ, ಹೇಗೆ?

ಹೆಣ್ಣು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ವರ್ಷ ತುಂಬುವವರೆಗೆ ಕಾಯಿರಿ, ಮೈಯಲ್ಲಿ ಮೂಳೆ ಗಟ್ಟಿಯಾಗಲಿ. ಒಪ್ಪುವ ಹೆಣ್ಣಿನ ಹಸಿರು ಮೈಮೇಲೆ ತಿಳಿನೀಲಿ ಚುಕ್ಕೆಗಳು ಮೂಡುತ್ತವೆ. ಅವಳನ್ನು ಗಂಡಿನ ಪಂಜರಕ್ಕೆ ಬಿಟ್ಟು ಅಲ್ಲೇ ನಿಂತು ನೋಡಿ. ಗಂಡು ತಲೆ ಜರ್ಕು ಹೊಡೆಯುತ್ತ, ಬಣ್ಣ ತುಂಬಿಕೊಂಡು ಬರುತ್ತಾನೆ. ಹೆಣ್ಣು ಮೆಲ್ಲಗೆ ಮುಂದೆ ನಡೆದರೆ ಒಪ್ಪಿಗೆ. ಕಪ್ಪಾಗಿ, ಬಾಯಿ ತೆರೆದು ಬುಸುಗುಟ್ಟಿ ಓಲಾಡಿದರೆ ಇಲ್ಲ ಎಂದರ್ಥ, ಆ ಕ್ಷಣವೇ ಹೊರಗೆ ತೆಗೆಯಿರಿ. ಕೂಡಿದ ಒಂದೆರಡು ದಿನಗಳಲ್ಲಿ ಅವಳ ಮೈ ಕಡುಹಸಿರಾಗಿ ಹಳದಿ ಮಚ್ಚೆಗಳು ಏಳುತ್ತವೆ. ಅಲ್ಲಿಗೆ ಗಂಡಿನ ಕೆಲಸ ಮುಗಿಯಿತು. ವೀರ್ಯವನ್ನು ಒಳಗೇ ಕಾಪಿಟ್ಟುಕೊಳ್ಳಬಲ್ಲಳಾದ್ದರಿಂದ ಒಂದೇ ಮಿಲನದಿಂದ ಮುಂದಿನ ಕಂತಿನ ಮೊಟ್ಟೆಗಳೂ ಮರಿಯಾಗಬಹುದು.

ಮೊಟ್ಟೆ ಇಡುವ ತೊಟ್ಟಿ ಹೇಗಿರಬೇಕು?

ಒಂದಡಿ ಅಗಲ, ಒಂದಡಿ ಆಳದ ತೊಟ್ಟಿಗೆ ತೊಳೆದ ಮರಳು ಮತ್ತು ಗೊಬ್ಬರ ಸೇರದ ಮಣ್ಣು ಬೆರೆಸಿ ತುಂಬಿ. ಬೆರಳಿನಿಂದ ಸುರಂಗ ಕೊರೆದರೆ ಕುಸಿಯದೆ ನಿಲ್ಲುವಷ್ಟು ಹದವಿರಲಿ, ನೀರು ನಿಲ್ಲಬಾರದು. ಮಿಲನದ ಬಳಿಕ 20ರಿಂದ 30 ದಿನಕ್ಕೆ ಹೆಣ್ಣು ಊಟ ಬಿಟ್ಟು ನೆಲದಲ್ಲಿ ತಿರುಗಾಡತೊಡಗುತ್ತಾಳೆ.

ಆಗ ಮಾಡಬೇಕಾದದ್ದು ಒಂದೇ: ಪಂಜರಕ್ಕೆ ಬಟ್ಟೆ ಮುಚ್ಚಿ ದೂರ ಹೋಗುವುದು. ನನ್ನ ಮೊದಲ ಹೆಣ್ಣು ಗಿರಿಜೆ ತಲೆಕೆಳಗಾಗಿ ಅಗೆಯುತ್ತಿದ್ದಳು, ಬಾಲದ ತುದಿಯಷ್ಟೇ ಹೊರಗಿತ್ತು. ತಡೆಯಲಾರದೆ ಬಟ್ಟೆಯ ಅಂಚು ಸರಿಸಿ ಇಣುಕಿದೆ. ಅಗೆತ ನಿಂತಿತು. ಗುಂಡಿಯಿಂದ ಮಣ್ಣು ಮೆತ್ತಿದ ಒಂದು ಕಣ್ಣು ಹೊರಬಂದು ನನ್ನತ್ತ ತಿರುಗಿತು. ಅವಳು ಗುಂಡಿ ಬಿಟ್ಟು ಮೇಲೆ ಹತ್ತಿಹೋದಳು. ಮತ್ತೆ ಕೆಳಗಿಳಿಯಲು ಮೂರು ದಿನ ಬೇಕಾಯಿತು, ಆ ಮೂರು ದಿನ ನನಗೂ ಅನ್ನ ಸೇರಲಿಲ್ಲ. ಕೊನೆಗೆ 62 ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಸಮ ಮಾಡಿ, ಬತ್ತಿದ ಹೊಟ್ಟೆಯಲ್ಲಿ ಕೊಂಬೆಗೆ ಮರಳಿದಳು. ಆಗ ಹೆಚ್ಚು ಹೊತ್ತು ತುಂತುರು, ಎರಡು ಮೂರು ದಿನ ಹೊಟ್ಟೆತುಂಬ ಊಟ.

ಮೊಟ್ಟೆಗಳನ್ನು ಮರಿ ಮಾಡುವುದು ಹೇಗೆ?

ಮಣ್ಣನ್ನು ಚಮಚದಿಂದ ಬಿಡಿಸಿ, ಮೊಟ್ಟೆ ಹೇಗೆ ಮಲಗಿತ್ತೋ ಹಾಗೆಯೇ ಎತ್ತಿ. ಉರುಳಿಸಬಾರದು. ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟರೆ ಗೊಂದಲವಿಲ್ಲ. ವರ್ಮಿಕ್ಯುಲೈಟ್ ಎಂಬ, ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಚೂರುಗಳಿಗೆ ತೂಕದಲ್ಲಿ ಸುಮಾರು ಅಷ್ಟೇ ನೀರು ಬೆರೆಸಿ ಡಬ್ಬಿಗೆ ತುಂಬಿ, ಮೊಟ್ಟೆಯನ್ನು ಅರ್ಧ ಹುದುಗಿಸಿ, ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಮಾಡಿ. ಕತ್ತಲೆಯ ಕಪಾಟಿನಲ್ಲಿ 24ರಿಂದ 28 ಡಿಗ್ರಿಯೊಳಗೆ ಇರಲಿ. ಯೆಮೆನ್ ಮೊಟ್ಟೆಗೆ ಆರರಿಂದ ಒಂಬತ್ತು ತಿಂಗಳು, ಪ್ಯಾಂಥರ್‌ಗೆ ಕೆಲವೊಮ್ಮೆ ವರ್ಷ. ಮೊಸಳೆಯ ಮೊಟ್ಟೆಯಲ್ಲಿ ಶಾಖದಿಂದ ಗಂಡು ಹೆಣ್ಣು ತೀರ್ಮಾನವಾಗುತ್ತದೆ, ಇದರಲ್ಲಿ ಹಾಗಿಲ್ಲ, ಹಾಗಾಗಿ ಅದಕ್ಕೆಂದು ಬಿಸಿ ಏರಿಸುವುದು ವ್ಯರ್ಥ. ಬೂಸು ಹಿಡಿದು ಕುಸಿದದ್ದನ್ನು ತೆಗೆದುಹಾಕಿ. ಜ್ಯಾಕ್ಸನ್ ಗೋಸುಂಬೆಗೆ ಈ ತಾಪತ್ರಯವಿಲ್ಲ, ಅದು ನೇರವಾಗಿ ಮರಿಯನ್ನೇ ಹಾಕುತ್ತದೆ.

ಎಂಟನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಡಬ್ಬಿ ತೆರೆದಾಗ ಮೊಟ್ಟೆಗಳ ಮೇಲೆ ಬೆವರಿನಂಥ ಹನಿಗಳಿದ್ದವು. ಮರುದಿನ ಒಂದರ ತುದಿ ನಕ್ಷತ್ರದಂತೆ ಸೀಳಿ, ಅಕ್ಕಿಕಾಳಿನಷ್ಟು ಮೂತಿ ಹೊರಗಿತ್ತು. ಕೈ ಹಾಕಿ ಎಳೆಯಬೇಡಿ, ಒಳಗಿನ ಹಳದಿಯನ್ನು ಹೀರಿಕೊಳ್ಳಲು ಅದಕ್ಕೆ ಹೊತ್ತು ಬೇಕು.

ಮರಿಗಳ ಆರೈಕೆ?

ಇದೇ ಕಷ್ಟದ ಭಾಗ. ನನಗೆ 54 ಮರಿಗಳಾದವು. ಬಾಲ ಸೇರಿ ಕಿರುಬೆರಳಿನಷ್ಟುದ್ದ. ಒಂದೆರಡು ದಿನದಲ್ಲಿ ಹಸಿವು ಶುರು: ಹಾರಲಾರದ ಹಣ್ಣಿನ ನೊಣ, ಸೂಜಿತಲೆಯಷ್ಟು ಚಿಮ್ಮಂಡೆ, ದಿನಕ್ಕೆರಡು ಸಲ. ಗಂಡಿನ ಹಿಂಗಾಲ ಹಿಮ್ಮಡಿಯಲ್ಲಿ ಹುಟ್ಟಿನಿಂದಲೇ ಸಣ್ಣ ಗಂಟಿರುತ್ತದೆ, ಯೆಮೆನ್ ಜಾತಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಅಷ್ಟು ಸುಲಭ. ಮೊದಲ ವಾರಗಳಲ್ಲಿ ಗುಂಪಾಗಿಡಬಹುದು. ದೊಡ್ಡವು ಚಿಕ್ಕವುಗಳ ತಲೆ ತುಳಿದು ಮೇಲಿನ ಕೊಂಬೆ ಹಿಡಿಯತೊಡಗಿದಾಗ ಬೇರೆ ಮಾಡಿ. ಎರಡು ಮೂರು ತಿಂಗಳೊಳಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಡಬ್ಬಿ, ಗಿಡ, ಯುವಿಬಿ ಬೆಳಕು ಬೇಕು. ಊಟದ ಕೋಣೆಯ ಮೇಜು ಆ ವರ್ಷ ಊಟಕ್ಕೆ ಸಿಗಲಿಲ್ಲ.

ಮರಿ ಮಾರಿ ದುಡ್ಡು ಮಾಡಬಹುದೇ?

ಹುಳುವಿನ ಖರ್ಚು ಹುಟ್ಟಿದರೆ ಪುಣ್ಯ. ಕೊಳ್ಳುವವರು ಯಾರೆಂದು ತಿಳಿಯದೆ ಜೋಡಿ ಮಾಡಿಸಬೇಡಿ ಎಂಬುದು ನನ್ನ ಕಟ್ಟುನಿಟ್ಟಿನ ಮಾತು. ಗಿರಿಜೆಯ ನಂತರ ನಾನು ಒಮ್ಮೆ ಮಾತ್ರ ಮರಿ ಮಾಡಿಸಿದ್ದು.

ಮಿಕ್ಕದ್ದನ್ನು ಹಿತ್ತಲಿಗೆ ಬಿಡುವ ಯೋಚನೆಯಂತೂ ಬೇಡವೇ ಬೇಡ. 1972ರಲ್ಲಿ ಹವಾಯಿಯ ಓಆಹು ದ್ವೀಪಕ್ಕೆ ಸಾಕುಪ್ರಾಣಿ ವ್ಯಾಪಾರಕ್ಕೆಂದು ಕೀನ್ಯಾದಿಂದ ತಂದ ಜ್ಯಾಕ್ಸನ್ ಗೋಸುಂಬೆಗಳು ಬಡಕಲಾಗಿದ್ದವು. ಚೇತರಿಸಿಕೊಳ್ಳಲಿ ಎಂದು ಹಿತ್ತಲಿಗೆ ಬಿಟ್ಟರು. ಚೇತರಿಸಿಕೊಂಡವು. ಈಗ ಆ ದ್ವೀಪಗಳ ಕಾಡಿನಲ್ಲಿ ಅಲ್ಲಿಯದೇ ಕೀಟಗಳನ್ನೂ ಬಸವನಹುಳುಗಳನ್ನೂ ತಿಂದುಕೊಂಡಿವೆ. ಯೆಮೆನ್ ಗೋಸುಂಬೆ ಫ್ಲಾರಿಡಾದಲ್ಲೂ ಹೀಗೆಯೇ ಬೇರು ಬಿಟ್ಟಿದೆ.

ಎಷ್ಟು ವರ್ಷ ಬದುಕುತ್ತದೆ?

ಯೆಮೆನ್ ಗಂಡು ಆರರಿಂದ ಎಂಟು, ಹೆಣ್ಣು ಸುಮಾರು ಐದು. ಪ್ರತಿ ಕಂತಿನ ಮೊಟ್ಟೆಯೂ ಹೆಣ್ಣಿನ ಆಯುಷ್ಯದಲ್ಲಿ ಒಂದಿಷ್ಟನ್ನು ಕೊಂಡೊಯ್ಯುತ್ತದೆ. ಗಿರಿಜೆ ನಾಲ್ಕು ವರ್ಷ ಇದ್ದಳು.

ರಜೆಗೆ ಊರಿಗೆ ಹೋದಾಗ ಏನು ಮಾಡುವುದು?

ತುಂತುರಿಗೂ ದೀಪಕ್ಕೂ ಟೈಮರ್ ಹಾಕಿ. ಆದರೂ ದಿನಕ್ಕೊಮ್ಮೆ ಮನುಷ್ಯರು ನೋಡಲೇಬೇಕು, ಯಂತ್ರ ಕೆಟ್ಟರೆ ಅದು ಕೂಗಿ ಕರೆಯುವ ಪ್ರಾಣಿಯಲ್ಲ. ನಾನು ಪಕ್ಕದ ಮನೆಯ ಹುಡುಗನಿಗೆ ಕೀಲಿ ಕೊಟ್ಟು, ಪಂಜರಕ್ಕೆ ಚೀಟಿ ಅಂಟಿಸಿ ಹೋಗಿದ್ದೆ: ಹುಳು ಐದು, ನೀರು ನೋಡು, ಹಿಕ್ಕೆಯ ಬಣ್ಣ ತಿಳಿಸು. ಹುಡುಗ ಮಾತಿಗೆ ತಪ್ಪುವವನಲ್ಲ. ಆಸ್ಟಿನ್‌ನಲ್ಲಿ ಬೆಳಗ್ಗೆ ಹತ್ತು ಗಂಟೆ ಎಂದರೆ ಹಿರಿಯೂರಿನಲ್ಲಿ ರಾತ್ರಿ ಊಟದ ಹೊತ್ತು. ಮೂರು ವಾರ, ಮುದ್ದೆ ಮುರಿಯುವ ವೇಳೆಗೆ ಸರಿಯಾಗಿ, ನನ್ನ ಮೊಬೈಲಿಗೆ ರಾಯನ ಹಿಕ್ಕೆಯ ಫೋಟೋ ಬರುತ್ತಿತ್ತು.